ಹಾಡಿಗೆ ನಾಲ್ಕೂವರೆ ನಕ್ಷತ್ರ, ಪ್ಲೇಟಿಗೆ ಎರಡೂವರೆ

ಬೆಂಗಳೂರಿನ ಮಹಿಳಾ ಡಿಜೆಯೊಬ್ಬರು ನಡೆಸುವ ಈ ಹಾಡಿನ ಸೇವೆಯಲ್ಲಿ ಎರಡು ಬಗೆಯ ಚಂದಾ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅನ್ಯಾಯವಾಗುತ್ತದೆ. ಮೊದಲನೆಯದು ಕೇಳುವ ಚಂದಾ. ಈ ಡಿಜೆ ತಾವು ಹುಡುಕಿ ತಂದ ದೇಶವಿದೇಶದ ಹಳೆಯ ಕುಣಿತದ ಹಾಡುಗಳನ್ನು ಜೋಡಿಸಿ, ತಿಂಗಳಿಗೊಂದು ಮಿಕ್ಸ್ ಮಾಡಿ ಕಳುಹಿಸುತ್ತಾರೆ. ಜೊತೆಗೆ ಪ್ರತಿ ಹಾಡಿನ ಬಗ್ಗೆ ಟಿಪ್ಪಣಿ ಇರುತ್ತದೆ. ಎರಡನೆಯದು ಪ್ಲೇಟಿನ ಚಂದಾ. ಮೂರು ತಿಂಗಳಿಗೊಮ್ಮೆ ಅವರು ಆರಿಸಿದ ಒಂದು ವಿನೈಲ್ ಪ್ಲೇಟು ಕೊರಿಯರ್‌ನಲ್ಲಿ ಮನೆಗೆ ಬರುತ್ತದೆ. ನಾನು ಕೆಲವು ವರ್ಷಗಳಿಂದ ಎರಡನ್ನೂ ಕಟ್ಟಿಕೊಂಡು ಬಂದವನು. ಮೊದಲನೆಯದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಎರಡನೆಯದಕ್ಕೆ ಕೈ ಹಾಕುವ ಮುನ್ನ ಕೆಳಗಿನದನ್ನು ಓದಿ.

ನಾನು ಯಾವ ಕಿವಿಯಿಂದ ಕೇಳುತ್ತೇನೆ ಎಂಬುದನ್ನು ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಲ್ಲಿ ನಮ್ಮದು ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪನ ಕಾಲದಲ್ಲಿ ಹಾರ್ನ್ ಸ್ಪೀಕರನ್ನು ಮರಕ್ಕೆ ಕಟ್ಟಿ ಪ್ಲೇಟು ಹಾಕುತ್ತಿದ್ದರು. ಈಗ ನಾನು ಲ್ಯಾಪ್‌ಟಾಪ್ ಮತ್ತು ದೊಡ್ಡ ಬಾಕ್ಸ್‌ಗಳನ್ನು ಹೊತ್ತುಕೊಂಡು ಮದುವೆ, ಆರತಕ್ಷತೆ, ಎಸ್ಟೇಟಿನ ಪಾರ್ಟಿ, ಹೋಂಸ್ಟೇ ಎಂದು ಓಡಾಡುತ್ತೇನೆ. ಹಾಗಾಗಿ ಒಂದು ಹಾಡು ಚೆನ್ನಾಗಿದೆಯೇ ಎಂದು ಕೇಳುವ ಮೊದಲು, ಅದಕ್ಕೆ ಜನ ಕುಣಿಯಲು ಏಳುತ್ತಾರೆಯೇ ಎಂದು ಕೇಳುವ ಜಾತಿ ನನ್ನದು.

ಈ ಡಿಜೆಯ ದೊಡ್ಡ ಗುಣ ಯಾವುದೆಂದರೆ, ಅವರು ಹಾಡಿನ ಹೆಸರು ಮುಚ್ಚಿಡುವುದಿಲ್ಲ. ಇದು ಸಣ್ಣ ಮಾತಲ್ಲ. ಅಪರೂಪದ ಪ್ಲೇಟು ಕೈಗೆ ಸಿಕ್ಕವರು ಅದರ ಹೆಸರನ್ನು ಬಚ್ಚಿಡುವುದು ಈ ಕಸುಬಿನಷ್ಟೇ ಹಳೆಯ ಚಾಳಿ. ಜಮೈಕಾದ ಸೌಂಡ್ ಸಿಸ್ಟಂ, ಅಂದರೆ ಅಲ್ಲಿನ ಮೈಕ್ ಸೆಟ್ ಮಾಲೀಕರು 1950ರ ದಶಕದಲ್ಲಿ ಅಮೆರಿಕದಿಂದ ತಂದ ಪ್ಲೇಟುಗಳ ಲೇಬಲ್ಲನ್ನು ಕೆರೆದು ಹಾಕುತ್ತಿದ್ದರು. ಎದುರಾಳಿಗೆ ಗುರುತು ಸಿಗಬಾರದು ಎಂಬುದು ಲೆಕ್ಕ. ಕೊಲಂಬಿಯಾದ ಕಾರ್ತಹೇನಾ, ಬರಾಂಕಿಯಾ ಊರುಗಳಲ್ಲಿ 'ಪಿಕೊ' ಎಂದು ಕರೆಯುವ, ಢಾಳಾದ ಬಣ್ಣದ ಚಿತ್ರ ಬರೆದ ಆಳೆತ್ತರದ ಸ್ಪೀಕರ್ ಸೆಟ್‌ಗಳಿವೆ. ಅವುಗಳ ಮಾಲೀಕರು ಹಡಗಿನವರ ಕೈಯಲ್ಲಿ ಕಾಂಗೋ, ನೈಜೀರಿಯಾ, ದಕ್ಷಿಣ ಆಫ್ರಿಕಾದ ಪ್ಲೇಟುಗಳನ್ನು ತರಿಸಿ, ಲೇಬಲ್ ಕಿತ್ತು, ತಮಗೆ ತೋಚಿದ ಹೆಸರಿಟ್ಟು ಬಾರಿಸುತ್ತಿದ್ದರು. ಊರಿನವರಿಗೆ ಹಾಡು ಬಾಯಿಪಾಠ, ಹಾಡಿದವನು ಯಾರೆಂದು ಮಾತ್ರ ಗೊತ್ತಿಲ್ಲ. ಡಿಜೆಯ ಟಿಪ್ಪಣಿಯಲ್ಲಿದ್ದ ಈ ಕಥೆಯನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ನಕ್ಕರು. "ನಾವೂ ಹೊಸ ಪ್ಲೇಟು ಬಂದರೆ ಕವರನ್ನು ಬದಲಿಸಿ ಇಡುತ್ತಿದ್ದೆವು ಕಣೋ, ಬೇಲೂರು ರಸ್ತೆಯವನು ಬಂದು ಇಣುಕುತ್ತಿದ್ದ" ಎಂದರು.

ಅಂಥ ಕಸುಬಿನಲ್ಲಿ ಇವರು ಹಾಡಿನ ಹೆಸರು, ಹಾಡಿದವರು, ಕಂಪನಿ, ಇಸವಿ, ಪ್ಲೇಟಿನ ನಂಬರು, ಆಮೇಲೆ ಮರುಮುದ್ರಣ ಬಂದಿದೆಯೇ, ಬಂದಿದ್ದರೆ ಯಾರದು ಎಂಬುದನ್ನೆಲ್ಲ ಬಿಡಿಸಿ ಬರೆಯುತ್ತಾರೆ. ನಿಮಗೆ ಬೇಕಿದ್ದರೆ ನೀವೇ ಹುಡುಕಿಕೊಳ್ಳಬಹುದು, ಅವರ ಹಂಗು ಬೇಕಿಲ್ಲ. ತಿಂಗಳಿಗೆ 300 ರೂಪಾಯಿಯನ್ನು ನಾನು ಕೊಡುತ್ತಿರುವುದು ಬಹುಮಟ್ಟಿಗೆ ಇದಕ್ಕೇ.

ಟಿಪ್ಪಣಿಗಳಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಮೆಕ್ಸಿಕೊದ ಮೊಂತೆರ‍್ರೇ ಊರಿನ ಕಥೆ. ಅಲ್ಲಿನ ದುಡಿಯುವ ಜನರ ಬಡಾವಣೆಗಳಿಗೆ ಕೊಲಂಬಿಯಾದ ಕುಂಬಿಯಾ ಎಂಬ ಕುಣಿತದ ಹಾಡುಗಳೆಂದರೆ ಪ್ರಾಣ. ಒಂದು ರಾತ್ರಿ ಗಾಬ್ರಿಯೆಲ್ ದುವೆನ್ಯೆಸ್ ಎಂಬ ಮೈಕ್ ಸೆಟ್ಟಿನವರ ಪ್ಲೇಯರಿನ ಮೋಟರು ಕಾದು ವೇಗ ಕಡಿಮೆಯಾಯಿತಂತೆ. ಹಾಡು ಎಳೆದೆಳೆದು ಬಂತು. ಜನ ಬೈಯುವ ಬದಲು ಅದೇ ಬೇಕೆಂದರು. ಮುಂದೆ ಹಾಗೆ ನಿಧಾನಗೊಳಿಸಿದ ಹಾಡುಗಳ ಕ್ಯಾಸೆಟ್ಟುಗಳೇ ಹೊರಬಂದು, 'ಕುಂಬಿಯಾ ರೆಬಹಾದಾ' ಎಂಬ ಹೊಸ ಶೈಲಿಯೇ ಹುಟ್ಟಿತು. ಇತ್ತ 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂನ ಡಿಜೆಗಳು ನಿಮಿಷಕ್ಕೆ 45 ಸುತ್ತಿನ ವೇಗದ ಪ್ಲೇಟನ್ನು ಬೇಕೆಂದೇ 33ರಲ್ಲಿ ತಿರುಗಿಸಿ 'ನ್ಯೂ ಬೀಟ್' ಎಂಬ ಶೈಲಿಯನ್ನು ಕಟ್ಟಿದರು. ನಮ್ಮಲ್ಲೂ ವೋಲ್ಟೇಜ್ ಬಿದ್ದಾಗ ಪ್ಲೇಟು ನಿಧಾನವಾಗುತ್ತಿದ್ದದ್ದು ಹೊಸದೇನಲ್ಲ. ಮೊದಲೇ ಮೃದುವಾದ ಪಿ.ಬಿ. ಶ್ರೀನಿವಾಸ್ ಅವರ ದನಿ ಇನ್ನೂ ಕೆಳಗಿಳಿದು ಮದುವೆ ಮನೆಗೆ ನಿದ್ದೆ ಹತ್ತುತ್ತಿತ್ತು, ಗಂಡಿನ ಕಡೆಯವರು ಅಪ್ಪನ ಮೇಲೆ ಹರಿಹಾಯುತ್ತಿದ್ದರು. ಮೊಂತೆರ‍್ರೇಯಲ್ಲಿ ಅದು ಶೈಲಿ, ಮೂಡಿಗೆರೆಯಲ್ಲಿ ಬಾಡಿಗೆಯಲ್ಲಿ ಕಡಿತ.

ಈ ನಿಧಾನದ ಕುಂಬಿಯಾ ನನ್ನ ಕೆಲಸಕ್ಕೆ ನೇರವಾಗಿ ಬಂತು. ಹೋಂಸ್ಟೇಗಳಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ, ಅದು ಕಾನೂನು. ಏಳು ಗಂಟೆಗೆ ಶುರುವಾದ ಗದ್ದಲವನ್ನು ಒಂಬತ್ತರ ಹೊತ್ತಿಗೆ ಇಳಿಸುತ್ತ ಬರಬೇಕು. ಥಟ್ಟನೆ ನಿಲ್ಲಿಸಿದರೆ ಬೆಂಗಳೂರಿನಿಂದ ಬಂದ ಹುಡುಗರು ಜಗಳಕ್ಕೆ ಬರುತ್ತಾರೆ. ಬೆಂಕಿಯ ಸುತ್ತ ಕುಳಿತವರಿಗೆ ರೆಬಹಾದಾ ಹಾಕಿದರೆ ಅರ್ಧ ಜನ ಕುಳಿತಲ್ಲೇ ಭುಜ ಕುಣಿಸುತ್ತಾರೆ, ಇನ್ನರ್ಧ ಊಟಕ್ಕೆ ಏಳುತ್ತಾರೆ. ನನಗೆ ಬೇಕಾದದ್ದೂ ಅಷ್ಟೇ.

ಕುಣಿಸುವ ಹೊತ್ತಿಗೆ ಬೇರೆ ಸರಕು ಬೇಕು. ಕೇಪ್ ವರ್ಡೆ ದ್ವೀಪಗಳ ಫುನಾನಾ ನಮ್ಮ ಕಡೆಯವರಿಗೆ ಇಷ್ಟು ಒಗ್ಗುತ್ತದೆಂದು ನಾನು ಎಣಿಸಿರಲಿಲ್ಲ. ಒಂದು ಅಕಾರ್ಡಿಯನ್, ಕಬ್ಬಿಣದ ಪಟ್ಟಿಯ ಮೇಲೆ ಚಾಕು ಉಜ್ಜುವ ಸದ್ದು, ಮೂಲದಲ್ಲಿ ಇಷ್ಟೇ. ಪೋರ್ಚುಗೀಸರ ಆಳ್ವಿಕೆಯಲ್ಲಿ ಅದು ಹಳ್ಳಿಗಾಡಿನ ಕೀಳು ಕುಣಿತ ಎನಿಸಿಕೊಂಡಿತ್ತು. 1975ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಬುಲಿಮುಂದು ಎಂಬ ತಂಡ ಅದಕ್ಕೆ ಗಿಟಾರು, ಕೀಬೋರ್ಡು ಸೇರಿಸಿ ಪೇಟೆಗೆ ತಂದಿತು. ಆ ಚಾಕುವಿನ ಕರಕರ ಸದ್ದು ವೇಗ ಹಿಡಿಯುತ್ತಿದ್ದಂತೆ, ವೀರಗಾಸೆಯ ಚಮಾಳ ಕೇಳಿ ಬೆಳೆದವರ ಕಾಲು ಸುಮ್ಮನಿರುವುದಿಲ್ಲ. ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ ಕೊಯ್ಲು ಮುಗಿದ ಸಂಜೆ ಕಣದಲ್ಲಿ ಇದನ್ನು ಹಾಕಿದೆ. ಮೊದಲು ಎದ್ದವರು ಹುಡುಗರಲ್ಲ, ತಲೆಗೆ ಟವಲ್ ಸುತ್ತಿಕೊಂಡಿದ್ದ ಹೆಂಗಸರು. ಯಾವ ಭಾಷೆ ಎಂದು ಒಬ್ಬರೂ ಕೇಳಲಿಲ್ಲ; ಇನ್ನೊಂದು ಸಲ ಹಾಕಪ್ಪ ಎಂದರು.

ಕಾಂಗೋದ ಸೂಕೂಸ್ ಹಾಡುಗಳ ಬಗ್ಗೆ ಟಿಪ್ಪಣಿಯಲ್ಲಿ ಒಂದು ಉಪಯುಕ್ತ ಅಭ್ಯಾಸವಿದೆ. ಆ ಹಾಡುಗಳು ಮೊದಲರ್ಧ ಸಾವಧಾನವಾಗಿ ಸಾಗಿ, ಆಮೇಲೆ 'ಸೆಬೆನ್' ಎಂಬ ಗಿಟಾರಿನ ಭಾಗಕ್ಕೆ ಬಂದು ಓಡತೊಡಗುತ್ತವೆ. ಆ ತಿರುವು ಎಷ್ಟನೇ ನಿಮಿಷದಲ್ಲಿದೆ ಎಂದು ಇವರು ಬರೆದಿರುತ್ತಾರೆ. ಆರತಕ್ಷತೆಯಲ್ಲಿ ಫೋಟೊ ತೆಗೆಯುವ ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ಸೆಬೆನ್ ಬರುವಂತೆ ಹೊಂದಿಸಬಹುದು. ಕಸುಬಿನವರಿಗೆ ಮಾತ್ರ ಗೊತ್ತಾಗುವ ಸೂಕ್ಷ್ಮ ಇದು. ಮನೆಯಲ್ಲಿ ಕೇಳುವವರಿಗೆ ಬೇಕಿಲ್ಲದಿರಬಹುದು.

ನಮ್ಮ ದೇಶದ್ದೇ ಆದ ಒಂದು ಸಂಚಿಕೆಯನ್ನೂ ಹೇಳಬೇಕು. ಮುಂಬೈಯ ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಎಲೆಕ್ಟ್ರಾನಿಕ್ ವಾದ್ಯಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದಲ್ಲಿ ನುಡಿಸಿದ್ದರು. ಆಗ ಕೇಳುವವರಿಲ್ಲದೆ ಮೂಲೆ ಸೇರಿದ ಪ್ಲೇಟು ಅದು. ಅದೇ 303ರಿಂದ ಶಿಕಾಗೊದವರು ಆಸಿಡ್ ಹೌಸ್ ಎಂಬ ಸಂಗೀತ ಮಾಡಿ, ಅದರ ಮೊದಲ ಪ್ರಸಿದ್ಧ ಪ್ಲೇಟು ಹೊರಬಂದದ್ದು 1987ರಲ್ಲಿ. ಸಿಂಗ್ ಅವರ ಪ್ಲೇಟು ನೆದರ್ಲೆಂಡ್ಸ್‌ನ ಸಂಗ್ರಾಹಕರೊಬ್ಬರ ಕೈಗೆ ದಿಲ್ಲಿಯಲ್ಲಿ ಸಿಕ್ಕಿ, 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆರಗಾಯಿತು. ಇದನ್ನು 'ಭಾರತವೇ ಮೊದಲು' ಎಂದು ಎದೆ ತಟ್ಟಿಕೊಳ್ಳುವ ಕಥೆ ಮಾಡದೆ, ಸಿಂಗ್ ಅವರೂ ಶಿಕಾಗೊದವರೂ ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲ ಎಂದು ಡಿಜೆ ಬರೆದದ್ದು ನನಗೆ ಮೆಚ್ಚುಗೆಯಾಯಿತು. ಮನೆಯಲ್ಲಿ ಭೂಪಾಲಿಯ ತುಣುಕು ಬಂದಾಗ ಅಮ್ಮ ಅಡುಗೆಮನೆಯಿಂದಲೇ, "ಇದು ಮೋಹನ ಅಲ್ಲವೇ, ಇದಕ್ಕೇಕೆ ಈ ಹಾವಳಿ?" ಎಂದರು. ಹಿಂದೂಸ್ತಾನಿಯ ಭೂಪಾಲಿಯೇ ಕರ್ನಾಟಕ ಸಂಗೀತದ ಮೋಹನ, ಹಾಗಾಗಿ ರಾಗ ಹಿಡಿದದ್ದು ಸರಿ. ಹಾವಳಿಯ ಬಗ್ಗೆ ನಮ್ಮಲ್ಲಿ ಇನ್ನೂ ಒಮ್ಮತವಿಲ್ಲ.

ಕನ್ನಡದ ಪಾಲು ಕಡಿಮೆ. ಶಂಕರ್‌ನಾಗ್ ಅವರ 1981ರ 'ಗೀತಾ' ಚಿತ್ರಕ್ಕೆ ಇಳಯರಾಜ ಮಾಡಿದ ಹಾಡು ಒಮ್ಮೆ ಬಂತು, ಆಮೇಲೆ ಹೆಚ್ಚೇನಿಲ್ಲ. ಪತ್ರ ಬರೆದು ಕೇಳಿದೆ. ಒಳ್ಳೆಯ ಸ್ಥಿತಿಯ ಪ್ಲೇಟು ಸಿಗುವುದಿಲ್ಲ ಸರ್, ನಿಮ್ಮ ತಂದೆಯವರ ಬಳಿ ಇದ್ದರೆ ಕೊಡುತ್ತೀರಾ ಎಂದು ಉತ್ತರ ಬಂತು. ಅಪ್ಪನಿಗೆ ಹೇಳಿದೆ. "ಮಾರಾಟಕ್ಕಿಲ್ಲ. ಕೇಳಬೇಕೆಂದರೆ ಆ ಹೆಣ್ಣುಮಗಳು ಇಲ್ಲಿಗೇ ಬರಲಿ, ಕಾಫಿ ಕೊಟ್ಟು ಹಾಕಿ ಕೇಳಿಸುತ್ತೇನೆ" ಎಂದರು. ಅವರು ಇನ್ನೂ ಬಂದಿಲ್ಲ.

ಇನ್ನು ದೂರುಗಳು. ಹಾಡಿನ ಚಂದಾದಲ್ಲಿ ದೂರು ಚಿಕ್ಕದು. 'ಎಲ್ಲೂ ಸಿಗದ' ಎಂಬ ವಿಶೇಷಣವನ್ನು ಇವರು ಸ್ವಲ್ಪ ಧಾರಾಳವಾಗಿ ಬಳಸುತ್ತಾರೆ. ಮರುಮುದ್ರಣವಾಗಿ ಅಂಗಡಿಯಲ್ಲಿ ಕುಳಿತಿರುವ ಪ್ಲೇಟಿಗೂ ಆ ಪಟ್ಟ ಸಿಕ್ಕಿದ್ದುಂಟು. ಫೈಲು ದೊಡ್ಡದು, ತೋಟದ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬಿ ಕುಳಿತರೆ ಇಳಿಯುವುದಿಲ್ಲ, ಪೇಟೆಗೆ ಬಂದಾಗ ಇಳಿಸಿಕೊಳ್ಳಬೇಕು. ಇಷ್ಟೇ.

ಪ್ಲೇಟಿನ ಚಂದಾದ ಕಥೆ ಬೇರೆ. ಬಂದವುಗಳಲ್ಲಿ ಕೆಲವು ನಿಜಕ್ಕೂ ರತ್ನ. ಒಂದು 12 ಇಂಚಿನ ಸಿಂಗಲ್ ಬಂದಾಗ ಅಪ್ಪ ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ದೊಡ್ಡ ಪ್ಲೇಟಿಗೆ ಒಂದೇ ಹಾಡೇ? ದುಡ್ಡು ದಂಡ" ಎಂದರು. ಹಾಕಿ ಕೇಳಿಸಿದೆ. ಪ್ಲೇಟಿನ ಇಡೀ ಮುಖದಲ್ಲಿ ಒಂದೇ ಹಾಡಿದ್ದರೆ ಹಾಡು ಕೊರೆದ ಗೀರುಗಳ ನಡುವೆ ಜಾಗ ಸಿಗುತ್ತದೆ, ಗೀರು ಅಗಲವಾಗಿ ಓಲಾಡಬಹುದು, ಹಾಗಾಗಿ ಸದ್ದೂ ಹೆಚ್ಚು, ಬೇಸ್ ಕೂಡ ತುಂಬಿ ಬರುತ್ತದೆ. ಡಿಸ್ಕೊ ಕಾಲದಲ್ಲಿ ಡಿಜೆಗಳಿಗೆಂದೇ ಹುಟ್ಟಿದ ಅಳತೆ ಇದು, ಅಂಗಡಿಗೆ ಮಾರಾಟಕ್ಕೆ ಬಂದದ್ದು 1976ರಲ್ಲಿ. ಅಲಮಾರಿನ ಗಾಜು ನಡುಗಿದ ಮೇಲೆ ಅಪ್ಪ ದುಡ್ಡಿನ ಮಾತು ಎತ್ತಲಿಲ್ಲ.

ಆದರೆ ಪ್ಲೇಟಿನ ಸ್ಥಿತಿಯ ದರ್ಜೆ ಹೇಳುವುದರಲ್ಲಿ ಇವರು ಉದಾರಿಗಳು. 'ಬಹಳ ಉತ್ತಮ, ಪ್ಲಸ್' ಎಂದು ಬರೆದು ಕಳುಹಿಸಿದ ಒಂದು ಪ್ಲೇಟಿನ ಎರಡನೇ ಹಾಡಿನಲ್ಲಿ ಪ್ಲೇಯರಿನ ಮುಳ್ಳು ನಿಂತಲ್ಲೇ ಸುತ್ತುತ್ತಿತ್ತು. ಇನ್ನೊಂದು ಹಪ್ಪಳದಂತೆ ಬಾಗಿ ಬಂತು. ಬಾಗಿದ್ದಕ್ಕೆ ಕೊರಿಯರಿನವರನ್ನು ದೂರಿದರು, ನಿಂತಲ್ಲೇ ಸುತ್ತಿದ್ದಕ್ಕೆ ನನ್ನ ಮುಳ್ಳನ್ನು ಅನುಮಾನಿಸಿದರು. ಮೂರನೆಯದು ಮೂಲ ಮುದ್ರಣ ಎಂದು ಬಂದಿತ್ತು. ಟಾರ್ಚ್ ಹಿಡಿದು ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗವನ್ನು ನೋಡಿದರೆ, ಅಲ್ಲಿ ಕೊರೆದ ಸಂಖ್ಯೆ ಮರುಮುದ್ರಣದ್ದು. ಫೋಟೊ ಕಳುಹಿಸಿದ ಮೇಲೆ ವಾದ ಮಾಡದೆ ಹಣ ಹಿಂದಿರುಗಿಸಿದರು ಎಂಬುದನ್ನೂ ಹೇಳಬೇಕು. ತಿಳಿದು ಮೋಸ ಮಾಡುವವರಲ್ಲ. ಇಷ್ಟಪಟ್ಟ ಪ್ಲೇಟಿನ ಕೊರತೆ ಅವರ ಕಣ್ಣಿಗೆ ಬೀಳುವುದಿಲ್ಲ. ಆದರೂ ಒಂದು ಪ್ಲೇಟಿಗೆ ಸಾವಿರಾರು ರೂಪಾಯಿ ಕೊಡುವವನಿಗೆ ಆ ಪ್ರೀತಿಯಿಂದ ಏನು ಪ್ರಯೋಜನ? ದರ್ಜೆ ಕಟ್ಟುವ ಕೆಲಸವನ್ನು ಪ್ಲೇಟಿನ ಮೇಲೆ ವ್ಯಾಮೋಹವಿಲ್ಲದ ಬೇರೊಬ್ಬರಿಗೆ ಒಪ್ಪಿಸಬೇಕು.

ಇದರ ಮೇಲೆ ನಮ್ಮ ಹವೆ. ಆಷಾಢದಲ್ಲಿ ಬಟ್ಟೆಯೇ ಒಣಗದ ಊರಿನಲ್ಲಿ ರಟ್ಟಿನ ಕವರಿಗೆ ಬೂಷ್ಟು ಹಿಡಿಯದೆ ಇರುತ್ತದೆಯೇ? ಕವರಿನಿಂದ ಅದು ಪ್ಲೇಟಿನ ಗೀರುಗಳಿಗೆ ಇಳಿದರೆ ಹಾಡಿನುದ್ದಕ್ಕೂ ಒಗ್ಗರಣೆಯ ಚಟಪಟ. ಭಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ, ಮೃದು ಬ್ರಷ್ಷಿನಿಂದ ಗೀರಿನ ದಿಕ್ಕಿನಲ್ಲೇ ಉಜ್ಜಿ, ಮತ್ತೆ ಬರಿಯ ನೀರಿನಿಂದ ತೊಳೆದು ನಿಲ್ಲಿಸಿ ಒಣಗಿಸುತ್ತೇನೆ. ಅಜ್ಜನ ಕಾಲದ 78ರ ಪ್ಲೇಟುಗಳಿಗೆ ಮಾತ್ರ ಈ ದ್ರಾವಣ ತಾಗಿಸಬೇಡಿ. ಅವು ಅರಗಿನವು, ಆಲ್ಕೊಹಾಲ್ ಬಿದ್ದರೆ ಕರಗುತ್ತವೆ. ಡಿಜೆ ಕಳುಹಿಸುವ ಪೊಟ್ಟಣದಲ್ಲಿ ತೇವ ಹೀರುವ ಸಿಲಿಕಾ ಪುಡಿಕೆ ಇರುವುದಿಲ್ಲ, ಒಳಗಿನ ಕಾಗದದ ಕವರೂ ಹಳೆಯದೇ. ಎರಡೂ ಹತ್ತು ಇಪ್ಪತ್ತು ರೂಪಾಯಿಯ ಮಾತು. ಹಲವು ಬಾರಿ ಹೇಳಿದ್ದೇನೆ.

ಹಾಗಾಗಿ ನನ್ನ ತೀರ್ಮಾನ: ಕೇಳುವ ಚಂದಾವನ್ನು ಈ ವರ್ಷಕ್ಕೂ ಕಟ್ಟಿದ್ದೇನೆ, ಪ್ಲೇಟಿನದನ್ನು ನಿಲ್ಲಿಸಿದ್ದೇನೆ. ಟಿಪ್ಪಣಿಯಲ್ಲಿ ಕೊಟ್ಟ ನಂಬರು ಹಿಡಿದು ಬೇಕಾದ ಪ್ಲೇಟನ್ನು ಹಳೆಯ ಪ್ಲೇಟು ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿ ನಾನೇ ಹುಡುಕುತ್ತೇನೆ, ಮಾರುವವರಿಂದ ಫೋಟೊ ತರಿಸಿಕೊಂಡು ಆಮೇಲೆ ಹಣ ಕೊಡುತ್ತೇನೆ. ಮನೆಯಲ್ಲಿ ಪ್ಲೇಯರ್ ಇಲ್ಲದವರು, ಒಂದೇ ಬಗೆಯ ಹಾಡು ಕೇಳಿ ಬೇಸತ್ತವರು, ನನ್ನಂತೆ ಮೈಕ್ ಸೆಟ್ ಕಸುಬಿನವರು ಕೇಳುವ ಚಂದಾ ಪಡೆಯಬಹುದು. ಹಳೆಯ ಚಿತ್ರಗೀತೆಯಷ್ಟೇ ಬೇಕೆನ್ನುವವರಿಗೆ ಇದು ಅಲ್ಲ.

ಪ್ಲೇಟು ಬೇಕೇ ಬೇಕು ಎನ್ನುವ ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾರ್ಸೆಲ್ ಕಳುಹಿಸಬೇಡಿ ಎಂದು ಮೊದಲೇ ಬರೆದು ತಿಳಿಸಿ. ಅಕ್ಟೋಬರ್‌ನಲ್ಲಿ ಒಟ್ಟಿಗೆ ಕಳುಹಿಸಲು ಅವರು ಒಪ್ಪುತ್ತಾರೆ. ವಿಳಾಸಕ್ಕೆ ತೋಟದ ಹೆಸರು ಬೇಡ, ಪೇಟೆಯಲ್ಲಿ ಪರಿಚಯದ ಅಂಗಡಿಯದ್ದು ಕೊಡಿ. ತೋಟಕ್ಕೆ ಎಂದು ಬರೆದರೆ ಕೊರಿಯರಿನವರು ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಘಟ್ಟದ ರಸ್ತೆಯಲ್ಲಿ ತರುತ್ತಾರೆ.