ಎರಡು ದೇಶನಾ, ಒಂದೇ ದೇಶನಾ: ಗಾಜಾ ಕದನವಿರಾಮ ಆದ್ಮೇಲೆ ಯಾವ್ದನ್ನ ನಂಬೋದು?

ಅಕ್ಟೋಬರ್ 2025ರಲ್ಲಿ ಇಸ್ರೇಲ್, ಹಮಾಸ್ ಮಧ್ಯೆ ಕದನವಿರಾಮ ಏನೋ ಆಯ್ತು, ಆದ್ರೆ ಶಾಂತಿ ಅನ್ನೋದು ಬೇರೆನೇ ಮಾತು.

ಇಸ್ರೇಲ್ ಪಕ್ಕದಲ್ಲೇ ಪ್ಯಾಲೆಸ್ಟೀನ್ ಅನ್ನೋ ಬೇರೆ ದೇಶ ಇರ್ಲಿ ಅನ್ನೋ ಎರಡು ದೇಶದ ದಾರಿಗೆ ಭಾರತ ಸೇರಿ ತುಂಬಾ ದೇಶಗಳ ಸಪೋರ್ಟ್ ಇದೆ, ಇಬ್ರಿಗೂ ತಮ್ಮದೇ ಬಾವುಟ ಸಿಗುತ್ತೆ, ಪ್ರಾಬ್ಲಂ ಇರೋದು ನೆಲದ್ದು. ಗಾಜಾ ಜೊತೆ ಪ್ಯಾಲೆಸ್ಟೀನ್ ದೇಶಕ್ಕೆ ಸೇರ್ಬೇಕಾದ ವೆಸ್ಟ್ ಬ್ಯಾಂಕಿನ ಸುಮಾರು 60% ಜಾಗ ಇಸ್ರೇಲ್ ಕಂಟ್ರೋಲಲ್ಲೇ ಇದೆ, ಪೂರ್ವ ಜೆರುಸಲೇಂ ಬಿಟ್ಟೇ ಹತ್ತತ್ರ 5 ಲಕ್ಷ ಯಹೂದಿ ವಸಾಹತುಗಾರರು ಅಲ್ಲಿ ಮನೆ ಮಾಡ್ಕೊಂಡಿದಾರೆ, 2005ರಲ್ಲಿ ಗಾಜಾದಿಂದ ಎಂಟು ಸಾವಿರ ಚಿಲ್ರೆ ವಸಾಹತುಗಾರರನ್ನ ಎಬ್ಸೋಕೇ ಇಸ್ರೇಲಿ ಸೈನಿಕರು ಎಷ್ಟೋ ಜನರನ್ನ ಎತ್ಕೊಂಡು ಹೊರಗೆ ಹಾಕ್ಬೇಕಾಯ್ತು, ಇಲ್ಲಿ ಇನ್ನೇನ್ ಕಥೆ! ಪರ್ಮಿಟ್ ಇಲ್ದಿರೋ ಪ್ಯಾಲೆಸ್ಟೀನಿಯರು ವೆಸ್ಟ್ ಬ್ಯಾಂಕಿನದ್ದೇ ಊರುಗಳಾದ ರಾಮಲ್ಲಾದಿಂದ ಬೆತ್ಲೆಹೆಮಿಗೆ ಹೋಗ್ಬೇಕಂದ್ರೆ ಮಧ್ಯದ ಜೆರುಸಲೇಂ ಬಿಟ್ಟು ವಾದಿ ನಾರ್ ಅನ್ನೋ ಕಡಿದಾದ ತಿರುವಿನ ರಸ್ತೇಲಿ ಸುತ್ಕೊಂಡೇ ಹೋಗ್ಬೇಕು, ನೀವೇ ಮ್ಯಾಪ್ ತೆಗ್ದು ನೋಡಿ.

ಒಂದೇ ದೇಶ, ಎಲ್ರಿಗೂ ಒಂದೇ ಓಟು ಅನ್ನೋದು ಕೇಳೋಕೆ ಚೆಂದ, ಗಡಿ ಎಳೆಯೋ ತಲೆನೋವೂ ಇಲ್ಲ. ಆದ್ರೆ ಜೋರ್ಡಾನ್ ನದಿಯಿಂದ ಸಮುದ್ರದವರೆಗೆ ಯಹೂದಿಗಳು, ಪ್ಯಾಲೆಸ್ಟೀನಿಯರು ಹೆಚ್ಚುಕಮ್ಮಿ ಸಮಸಮ, ಹಾಗಾಗಿ ಯಹೂದಿಗಳೇ ಬಹುಮತ ಇರೋ ದೇಶ ಬೇಕು ಅನ್ನೋರು ಇದಕ್ಕೆ ಸುತಾರಾಂ ಒಪ್ಪಲ್ಲ. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಬಿಟ್ಟುಬಂದ ಮನೆ ಬೀಗದ ಕೈ ಇನ್ನೂ ಇಟ್ಕೊಂಡಿರೋ ಪ್ಯಾಲೆಸ್ಟೀನಿ ಕುಟುಂಬಗಳಿಗೆ ಮಾತ್ರ ಇದೇ ಹತ್ರ ಅನ್ಸಬಹುದು.

ನನ್ನ ಕೇಳಿದ್ರೆ, ಅರೆಮನಸ್ಸಿಂದಾನೇ ಸರಿ, ಮೊದಲನೇದು. ಆದ್ರೆ ವಸಾಹತು ಬೆಳೀತಾನೇ ಹೋದ್ರೆ ಆ ಆಪ್ಷನ್ನೂ ಉಳಿಯಲ್ಲ.