ಜಾಗ್ವಾರ್ ಎಕ್ಸ್‌ಇ: ರೀಸೈಕಲ್ಡ್ ಅಲ್ಯೂಮಿನಿಯಂ ಬಾಡಿ ಹೆಂಗಿದೆ?

ಸೆಕೆಂಡ್ ಹ್ಯಾಂಡ್ ಎಕ್ಸ್‌ಇ ನೋಡ್ತಿರೋರಿಗೆ ಹೇಳ್ತೀನಿ, ಇದ್ರ ಬಾಡಿನೇ ದೊಡ್ಡ ಪ್ಲಸ್ಸು. ಮುಕ್ಕಾಲು ಪಾಲು ಅಲ್ಯೂಮಿನಿಯಂ, ಅದ್ರಲ್ಲಿ ಆರ್‌ಸಿ5754 ಅಂತ ಒಂದು ಅಲಾಯ್ (ಮಿಶ್ರಲೋಹ) ಇದೆ, ನೊವೆಲಿಸ್ ಅನ್ನೋ ಅಲ್ಯೂಮಿನಿಯಂ ಕಂಪನಿ ಜೊತೆ ಸೇರಿ ಮಾಡಿದ್ದು (ನಮ್ಮ ಹಿಂಡಾಲ್ಕೋದೇ ಕಂಪನಿ, ಜಾಗ್ವಾರ್ ಟಾಟಾದು, ಖುಷಿ ಆಗುತ್ತೆ), ಆ ಅಲಾಯಲ್ಲಿ 75% ವರೆಗೂ ರೀಸೈಕಲ್ ಆದ ಲೋಹನೇ ಇರುತ್ತೆ. ಗುಜರಿ ಅಂದ್ರೆ ವೀಕ್ ಅನ್ಕೋಬೇಡಿ. ಅಲ್ಯೂಮಿನಿಯಂ ಎಷ್ಟು ಸಲ ಕರಗಿಸಿದ್ರೂ ಕೆಡಲ್ಲ, ಕಷ್ಟ ಇರೋದು ಬೇರೆ ಬೇರೆ ಗ್ರೇಡ್ ಮಿಕ್ಸ್ ಆಗಿ ಕಬ್ಬಿಣದ ಅಂಶ ಜಾಸ್ತಿ ಸೇರಿದಾಗ, ಆಗ ಶೀಟ್ ಬಗ್ಗಿಸಿದ್ರೆ ಬಿರುಕು ಬಿಡುತ್ತೆ, ಅದಕ್ಕೇ ಪ್ರೆಸ್ ಮಾಡುವಾಗ ಉಳಿಯೋ ಚೂರುಗಳನ್ನ ಗ್ರೇಡ್ ಪ್ರಕಾರ ಬೇರೆ ಮಾಡಿಟ್ಟು ವಾಪಸ್ ಕರಗಿಸೋಕೆ ಕಳಿಸ್ತಾರೆ. ಅದಿರಿಂದ ಹೊಸದಾಗಿ ತೆಗೆಯೋದಕ್ಕಿಂತ ಸುಮಾರು 95% ಎನರ್ಜಿ ಉಳಿತಾಯ, ಇದು ಸಣ್ಣ ವಿಷ್ಯ ಅಲ್ವೇ ಅಲ್ಲ.

ಓಡ್ಸೋಕೆ ಸೂಪರ್, ತಿರುವಲ್ಲಿ ಮೂತಿ ಹಗುರವಾಗಿ ತಿರುಗುತ್ತೆ, ಬಾಡಿ ಗಟ್ಟಿ ಅನ್ಸುತ್ತೆ. ಹಿಂದಿನ ಸೀಟು ಇಕ್ಕಟ್ಟು. ಡೆಂಟ್ ಆದ್ರೆ ಮಾತ್ರ ಸಿಕ್ಕ ಸಿಕ್ಕ ಗ್ಯಾರೇಜಿಗೆ ಬಿಡ್ಬೇಡಿ, ರಿವೆಟ್ ಮತ್ತೆ ಅಂಟು ಹಾಕಿ ಜೋಡಿಸಿರೋ ಬಾಡಿ ಇದು, ಸ್ಟೀಲ್ ಪುಡಿ ಅಂಟಿರೋ ಟೂಲ್ ತಾಗಿದ್ರೂ ಅಲ್ಲಿ ತುಕ್ಕು ಶುರುವಾಗ್ಬೋದು. ಅಲ್ಯೂಮಿನಿಯಂಗೇ ಬೇರೆ ಜಾಗ, ಬೇರೆ ಟೂಲ್ ಇಟ್ಟಿರೋ ಕಡೆ ಕೇಳಿ ಹೋಗಿ, ಬಿಲ್ ಜಾಸ್ತಿನೇ ಬರುತ್ತೆ. ನನ್ನ ಕಡೆಯಿಂದ 5ಕ್ಕೆ 4.