ಫೈಲ್ ಗುರುತಿಸುವ ಹಳೆಯ ಶೇರ್‌ವೇರ್‌ಗೆ ಅಳಿಸುವ ಅಧಿಕಾರ ಕೊಡಬೇಡಿ

ಮೋಡೆಂ ಮೂಲಕ ಫೋನ್ ಮಾಡಿ ಫೈಲ್ ಹಂಚಿಕೊಳ್ಳುತ್ತಿದ್ದ ಬುಲೆಟಿನ್ ಬೋರ್ಡ್ ಕಾಲದ ಶೇರ್‌ವೇರ್ (ಮೊದಲು ಬಳಸಿ ಆಮೇಲೆ ಹಣ ಕೊಡುವ ಪ್ರೋಗ್ರಾಂ) ಸಿಡಿ ಅಥವಾ ಫ್ಲಾಪಿ ನಕಲು ಕೈಗೆ ಸಿಕ್ಕರೆ ಬಹಳ ಜನ ಮೊದಲು ಮಾಡುವ ಕೆಲಸ ಒಂದೇ. ಫೈಲ್ ಯಾವ ಬಗೆಯಲ್ಲಿ ಕುಗ್ಗಿದೆ ಎಂದು ಹೇಳುವ ಪುಟ್ಟ ಉಪಕರಣ ಅದೇ ಸಿಡಿಯಲ್ಲಿರುತ್ತದೆ, ಅದನ್ನು ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ತೆರೆದು ಇಡೀ ಡೈರೆಕ್ಟರಿಯ ಮೇಲೆ ಓಡಿಸುತ್ತಾರೆ. ಇದು ಆರ್ಕ್, ಇದು ಜಿಪ್, ಇದು ಎಲ್‌ಜೆಡ್‌ಎಚ್ (ಎಲ್ಲವೂ ಫೈಲ್‌ಗಳನ್ನು ಕುಗ್ಗಿಸಿ ಒಂದು ಗಂಟಾಗಿ ಕಟ್ಟುವ ಬಗೆಗಳು) ಎಂದು ಪಟ್ಟಿ ತೋರಿಸಿ ಸುಮ್ಮನಾದರೆ ತೊಂದರೆಯಿಲ್ಲ. ಆದರೆ ಇಂಥ ಉಪಕರಣಗಳಲ್ಲಿ ಹಲವು ಅಲ್ಲಿಗೆ ನಿಲ್ಲುವುದಿಲ್ಲ. ವಿಸ್ತರಣೆ ಹೊಂದದಿದ್ದರೆ ಹೆಸರು ತಿದ್ದುತ್ತವೆ, ಗಂಟು ಬಿಚ್ಚಿ ಜಿಪ್ ಆಗಿ ಮತ್ತೆ ಕಟ್ಟುತ್ತವೆ, ಗುರುತು ಸಿಗದ್ದನ್ನು ಅಳಿಸುತ್ತವೆ. ರಾತ್ರಿ ಬಂದ ಅಪ್‌ಲೋಡ್‌ಗಳು ಬೆಳಗಾಗುವುದರೊಳಗೆ ತಾವಾಗಿ ವಿಲೇವಾರಿಯಾಗಲಿ ಎಂದು ಬೋರ್ಡ್ ನಡೆಸುವ ಸಿಸಾಪ್‌ಗಳಿಗಾಗಿ ಮಾಡಿದ ಅನುಕೂಲಗಳಿವು. ಒಂದೇ ಪ್ರತಿ ಉಳಿದಿರುವ ಸಂಗ್ರಹದ ಮೇಲೆ ಇವನ್ನು ಹರಿಯಬಿಟ್ಟರೆ ಹೋದದ್ದು ಮರಳಿ ಬರುವುದಿಲ್ಲ.

ಅಂಥದೊಂದು ಸಂಗ್ರಹ ಹಾಳಾದದ್ದು ಹೀಗೆ. ಹಳೆಯ ಬೋರ್ಡೊಂದರ ಹಾರ್ಡ್ ಡಿಸ್ಕಿನಿಂದ ತೆಗೆದ ಫೈಲ್‌ಗಳು, ಬೇರೆ ಪ್ರತಿ ಇಲ್ಲ. ಉಪಕರಣ 1990ರ ಸುಮಾರಿನದು. ಗುರುತಿಸು, ಜಿಪ್ ಆಗಿ ಕಟ್ಟು, ಮೂಲವನ್ನು ಅಳಿಸು ಎಂಬ ಮೂರೂ ಆಯ್ಕೆಗಳನ್ನು ಕೊಟ್ಟು ಓಡಿಸಿದರು. ಕೊನೆಗೆ ಪರದೆಯ ಮೇಲೆ ಒಂದೂ ದೋಷವಿರಲಿಲ್ಲ. ಡೈರೆಕ್ಟರಿ ತುಂಬ ಅಚ್ಚುಕಟ್ಟಾದ ಜಿಪ್‌ಗಳು, ಪರೀಕ್ಷೆಗೆ ಹಾಕಿದರೆ ಎಲ್ಲವೂ ಸರಿ. ಒಂದೊಂದಾಗಿ ತೆರೆದಾಗ ಗೊತ್ತಾಯಿತು: ಎಆರ್‌ಜೆ ಮತ್ತು ರಾರ್ ಎಂಬ ಬಗೆಯ ಫೈಲ್‌ಗಳ ಸುಳಿವೇ ಇಲ್ಲ, ಬೋರ್ಡ್‌ಗಳ ನಡುವೆ ಸಂದೇಶ ಸಾಗಿಸುತ್ತಿದ್ದ ಫೈಡೋನೆಟ್ ಅಂಚೆಯ ಕಟ್ಟುಗಳಲ್ಲಿ ಬಹುಪಾಲು ಮಾಯ, ಕೆಲವು ಜಿಪ್‌ಗಳೊಳಗೆ ಅರ್ಧ ಪ್ರೋಗ್ರಾಂ ಮಾತ್ರ ಇದೆ. ಇದರಲ್ಲಿ ಯಾವುದೂ ಕಾಕತಾಳೀಯವಲ್ಲ.

ಉಪಕರಣ ಹೆಚ್ಚಾಗಿ ನೋಡುವುದು ಫೈಲಿನ ಮೊದಲ ಕೆಲವು ಬೈಟ್‌ಗಳನ್ನು. (ಇಲ್ಲಿ ಬೈಟ್‌ಗಳನ್ನೆಲ್ಲ ದಶಮಾನದಲ್ಲಿ ಬರೆದಿದೆ, ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವ ಹೆಕ್ಸ್ ಎಡಿಟರ್ ಬಳಸುವವರು ಬದಲಿಸಿಕೊಳ್ಳಿ. ಸ್ಥಾನದ ಎಣಿಕೆ ಸೊನ್ನೆಯಿಂದ.) ಜಿಪ್ ಆದರೆ 80 75 3 4, ಇದರಲ್ಲಿ ಮೊದಲ ಎರಡು ಜಿಪ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಪಿ ಮತ್ತು ಕೆ. ಎಆರ್‌ಜೆ ಆದರೆ 96 234. ರಾರ್ ಆದರೆ 82 97 114 33 26 7 0. ಎಲ್‌ಜೆಡ್‌ಎಚ್‌ನಲ್ಲಿ 2ನೇ ಸ್ಥಾನದಿಂದ ಅಡ್ಡಗೆರೆ, ಎಲ್, ಎಚ್, ಒಂದು ಅಂಕಿ, ಮತ್ತೆ ಅಡ್ಡಗೆರೆ. ಜೂ ಎಂಬ ಬಗೆಯ ಫೈಲಿನಲ್ಲಿ 20ನೇ ಸ್ಥಾನದಿಂದ 220 167 196 253. ಏಳು ಬೈಟ್‌ಗಳ ರಾರ್ ಗುರುತನ್ನು ನಂಬಬಹುದು. ಎರಡೇ ಬೈಟ್‌ಗಳ ಎಆರ್‌ಜೆ ಗುರುತಿಗೆ ಬೇರೆ ಸಾಕ್ಷಿ ಬೇಕು: ಅದರ ನಂತರದ ಎರಡು ಬೈಟ್‌ಗಳು ಹೆಡರಿನ (ಮುಂಭಾಗದ ವಿವರಗಳ) ಉದ್ದ, ಅದು 2,600 ಮೀರುವಂತಿಲ್ಲ, ಹೆಡರ್ ಮುಗಿದ ಕೂಡಲೇ ಬರುವ 32 ಬಿಟ್ ಸಿಆರ್‌ಸಿ (ಬೈಟ್‌ಗಳು ಕೆಟ್ಟಿವೆಯೇ ಎಂದು ತಿಳಿಸುವ ತಾಳೆ ಸಂಖ್ಯೆ) ಲೆಕ್ಕಕ್ಕೆ ಹೊಂದಬೇಕು. ಅಷ್ಟು ತಾಳ್ಮೆಯಿಂದ ನೋಡುವ ಉಪಕರಣಗಳು ಕಡಿಮೆ.

ಹೆಚ್ಚು ಮೋಸಹೋಗುವುದು ಆರ್ಕ್ ವಿಷಯದಲ್ಲಿ. 1985ರಲ್ಲಿ ಸಿಸ್ಟಂ ಎನ್‌ಹಾನ್ಸ್‌ಮೆಂಟ್ ಅಸೋಸಿಯೇಟ್ಸ್ ಹೊರತಂದ ಈ ಬಗೆಗೆ ಗುರುತು ಎಂದಿರುವುದು ಒಂದೇ ಬೈಟ್, 26. ಮುಂದಿನ ಬೈಟ್ ಕುಗ್ಗಿಸಿದ ವಿಧಾನದ ಸಂಖ್ಯೆ. ಕಾಟ್ಜ್‌ರ ಪಿಕೆಆರ್ಕ್ ಇದೇ ವಿನ್ಯಾಸದಲ್ಲಿ 9ನೇ ವಿಧಾನ ಸೇರಿಸಿತು, ಮೂಲ ಆರ್ಕ್ ಪ್ರೋಗ್ರಾಂಗೆ ಅದನ್ನು ಬಿಚ್ಚಲು ಬರುತ್ತಿರಲಿಲ್ಲ. ನೋಗೇಟ್‌ನವರ ಪಾಕ್ 10 ಮತ್ತು 11 ಸೇರಿಸಿತು. ಹೈಪರ್ ಎಂಬ ಬೇರೆಯೇ ಬಗೆಯೂ 26ರಿಂದಲೇ ಶುರುವಾಗುತ್ತದೆ, ಆದರೆ ಅದರ ಮುಂದೆ 72 80 ಅಥವಾ 83 84 ಇರುತ್ತದೆ. ಮೊದಲ ಬೈಟ್ ಮಾತ್ರ ನೋಡುವ ಉಪಕರಣ ಈ ನಾಲ್ಕನ್ನೂ ಆರ್ಕ್ ಎನ್ನುತ್ತದೆ, ಬಿಚ್ಚಲು ಒಂದೇ ಪ್ರೋಗ್ರಾಂಗೆ ಒಪ್ಪಿಸುತ್ತದೆ. ಆ ಪ್ರೋಗ್ರಾಂ ತನಗೆ ಗೊತ್ತಿರುವ ವಿಧಾನದ ಒಳಫೈಲ್‌ಗಳನ್ನು ಬಿಚ್ಚಿ ಉಳಿದವನ್ನು ಬಿಟ್ಟುಬಿಡಬಹುದು. ಅರ್ಧ ಪ್ರೋಗ್ರಾಂ ಮಾತ್ರವಿರುವ ಜಿಪ್ ಹುಟ್ಟುವುದು ಇಲ್ಲಿ.

ಆರ್ಕ್ ಹೌದೋ ಅಲ್ಲವೋ ಕೈಯಾರೆ ನೋಡುವುದು ಕಷ್ಟವೇನಲ್ಲ. 2ರಿಂದ 14ನೇ ಸ್ಥಾನದವರೆಗೆ 13 ಬೈಟ್ ಒಳಫೈಲಿನ ಹೆಸರು, ಅದರೊಳಗೆ ಎಲ್ಲಾದರೂ ಒಂದು ಸೊನ್ನೆ ಬೈಟ್ ಇರಲೇಬೇಕು. 15ರಿಂದ ನಾಲ್ಕು ಬೈಟ್ ಕುಗ್ಗಿದ ಗಾತ್ರ, ಚಿಕ್ಕ ಬೈಟ್ ಮೊದಲು. 19ರಿಂದ ಎರಡೆರಡು ಬೈಟ್‌ಗಳಂತೆ ದಿನಾಂಕ, ಸಮಯ, ಸಿಆರ್‌ಸಿ. 25ರಿಂದ ನಾಲ್ಕು ಬೈಟ್ ಮೂಲ ಗಾತ್ರ. ಒಟ್ಟು 29. ಈ 29ಕ್ಕೆ ಕುಗ್ಗಿದ ಗಾತ್ರ ಕೂಡಿಸಿ ಆ ಸ್ಥಾನಕ್ಕೆ ಹೋದರೆ ಮತ್ತೆ 26 ಸಿಗಬೇಕು. ಕೊನೆಯಲ್ಲಿ 26, ಅದರ ಹಿಂದೆಯೇ 0 ಬಂದರೆ ಗಂಟು ಮುಗಿಯಿತು. (1ನೇ ವಿಧಾನದ ತೀರ ಹಳೆಯ ಫೈಲ್‌ಗಳಲ್ಲಿ ಮೂಲ ಗಾತ್ರದ ನಾಲ್ಕು ಬೈಟ್ ಇರುವುದಿಲ್ಲ, ಅಲ್ಲಿ 25 ಎಂದು ಲೆಕ್ಕ ಹಿಡಿಯಿರಿ.) ಎರಡು ಹೆಡರ್ ಹೀಗೆ ದಾಟಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ಉಪಕರಣಕ್ಕೆ ಅದು ಹುಟ್ಟಿದ ವರ್ಷದಾಚೆ ಏನೂ ಗೊತ್ತಿಲ್ಲ, ಇದನ್ನು ಮರೆಯುವುದೇ ದೊಡ್ಡ ಹಾನಿಗೆ ಕಾರಣ. ಎಆರ್‌ಜೆ ಬೋರ್ಡ್‌ಗಳಲ್ಲಿ ಹರಡಿದ್ದು 1991ರ ನಂತರ, ರಾರ್ ಬಂದದ್ದು 1993ರಲ್ಲಿ. 1990ರ ಉಪಕರಣದ ಕಣ್ಣಿಗೆ ಇವೆರಡೂ ಕಸ. ಗೊತ್ತಿರುವ ಬಗೆಯಲ್ಲೂ ಇದೇ ತೊಡಕು. ಜಿಪ್‌ನ ಗುರುತು 1989ರಿಂದ ಬದಲಾಗಿಲ್ಲ, ಒಳಗಿನ ವಿಧಾನ ಬದಲಾಗಿದೆ. 8ನೇ ಸ್ಥಾನದ ಬೈಟ್ 1 ಆದರೆ ಶ್ರಿಂಕ್, 2ರಿಂದ 5 ರೆಡ್ಯೂಸ್, 6 ಇಂಪ್ಲೋಡ್, 8 ಡಿಫ್ಲೇಟ್. 1993ರ ಪಿಕೆಜಿಪ್ 2.04ಜಿ ಕಟ್ಟಿದ ಡಿಫ್ಲೇಟ್ ಗಂಟನ್ನು 1990ರ ಪಿಕೆಅನ್‌ಜಿಪ್ 1.10 ಬಿಚ್ಚಲಾರದು. ಉಪಕರಣ ಸರಿಯಾಗಿಯೇ ಜಿಪ್ ಎನ್ನುತ್ತದೆ, ಬಿಚ್ಚುವ ಪ್ರೋಗ್ರಾಂ ಸೋಲುತ್ತದೆ, ಒಳ್ಳೆಯ ಫೈಲ್ ಕೆಟ್ಟ ಫೈಲ್‌ಗಳ ಗುಂಪಿಗೆ ಸೇರುತ್ತದೆ. ಎಲ್‌ಎಚ್‌ಆರ್ಕ್ ಮತ್ತು ನಂತರದ ಎಲ್‌ಎಚ್‌ಎ ನಡುವೆಯೂ ಇದೇ ಕಥೆ. ವಿಸ್ತರಣೆ ಎರಡಕ್ಕೂ ಒಂದೇ, ಆದರೆ ಮೊದಲಿನದಕ್ಕೆ 5ನೇ ವಿಧಾನ ತಿಳಿಯದು.

ಮೋಡೆಂ ದಾರಿಯಲ್ಲಿ ಬಂದ ಫೈಲ್‌ಗಳಿಗೆ ಇನ್ನೊಂದು ಕಾಯಿಲೆಯಿದೆ. ಎಕ್ಸ್‌ಮೋಡೆಂ ಎಂಬ ರವಾನೆ ವಿಧಾನ 128 ಬೈಟ್‌ಗಳ ತುಂಡುಗಳಲ್ಲಿ ಕಳಿಸುತ್ತದೆ, ಕೊನೆಯ ತುಂಡಿನಲ್ಲಿ ಜಾಗ ಉಳಿದರೆ ಸಾಮಾನ್ಯವಾಗಿ 26ರಿಂದ ತುಂಬುತ್ತದೆ. 10,000 ಬೈಟ್‌ಗಳ ಫೈಲ್ 79 ತುಂಡುಗಳಾಗಿ 10,112 ಬೈಟ್ ಆಗಿ ಇಳಿಯುತ್ತದೆ, ಬಾಲದಲ್ಲಿ 112 ಬಾರಿ 26. ಜಿಪ್‌ನ ಕೊನೆಯ ದಾಖಲೆ 22 ಬೈಟ್, ಅದರ ನಂತರ 65,535 ಬೈಟ್‌ವರೆಗೆ ಟಿಪ್ಪಣಿ ಇರಬಹುದು. ಹಿಂದಿನಿಂದ ಹುಡುಕುತ್ತ ಬರಬೇಕಾದಲ್ಲಿ ಕಟ್ಟಕಡೆಯ 22 ಬೈಟ್ ಮಾತ್ರ ನೋಡುವ ಉಪಕರಣ ಬಾಲವಿರುವ ಒಳ್ಳೆಯ ಜಿಪ್ಪನ್ನು ಕೆಟ್ಟಿದೆ ಎನ್ನುತ್ತದೆ. ಡಿಡಬ್ಲ್ಯುಸಿ ಎಂಬ ಬಗೆಯ ಗುರುತಂತೂ ಇರುವುದೇ ಕೊನೆಯ ಮೂರು ಬೈಟ್‌ಗಳಲ್ಲಿ, ಬಾಲ ಬೆಳೆದರೆ ಅದು ಪೂರ್ತಿ ಅಜ್ಞಾತ. ಗಾತ್ರ 128ರಿಂದ ಶೇಷವಿಲ್ಲದೆ ಭಾಗವಾಗಿ ಬಾಲದಲ್ಲಿ 26ರ ಸಾಲು ಕಂಡರೆ ಫೈಲ್ ಕೆಟ್ಟಿಲ್ಲ ಎಂದೇ ಹಿಡಿದು ಮುಂದುವರಿಯಿರಿ. ಪಿಕೆಜಿಪ್‌ಫಿಕ್ಸ್‌ನಂಥ ರಿಪೇರಿ ಪ್ರೋಗ್ರಾಂ ಬೇಡ, ಬಾಲ ಕತ್ತರಿಸಿದ ನಕಲು ಸಾಕು. ಜೆಡ್‌ಮೋಡೆಂ ಗಾತ್ರವನ್ನು ಸರಿಯಾಗಿ ಉಳಿಸುತ್ತದೆ, ಅದರಲ್ಲಿ ಬಂದವಕ್ಕೆ ಈ ಗೋಳಿಲ್ಲ.

ಇದರ ತಿರುಗು ಮುರುಗು ಕೂಡ ಉಂಟು, ಅದು ಇನ್ನೂ ಅಪಾಯ. ಎಂಟನೇ ಬಿಟ್ ಉದುರಿಸುವ ಏಳು ಬಿಟ್ ಸಂಪರ್ಕದಲ್ಲಿ ಬಂದ ಫೈಲ್ ಸಂಪೂರ್ಣ ಹಾಳು. ಎಆರ್‌ಜೆಯ 96 234 ಆಗ 96 106 ಆಗುತ್ತದೆ, ಜೂವಿನ 220 167 196 253 ಆಗ 92 39 68 125 ಆಗುತ್ತದೆ. ಉಪಕರಣ ಅಜ್ಞಾತ ಎನ್ನುತ್ತದೆ, ಸರಿಯೇ. ಜಿಪ್‌ನ 80 75 3 4ರಲ್ಲಿ 127 ಮೀರಿದ ಬೈಟೇ ಇಲ್ಲ. ಒಳಗೆಲ್ಲ ಸುಟ್ಟಿದ್ದರೂ ಬಾಗಿಲ ಮೇಲಿನ ಹೆಸರು ಮಾತ್ರ ಓದುವಂತಿದೆ. ಆರ್ಕ್, ರಾರ್, ಎಲ್‌ಜೆಡ್‌ಎಚ್ ಗುರುತುಗಳೂ ಹೀಗೆಯೇ ಉಳಿಯುತ್ತವೆ. ಫೈಲಿನಲ್ಲಿ 127ಕ್ಕಿಂತ ದೊಡ್ಡ ಬೈಟ್ ಒಂದಾದರೂ ಇದೆಯೇ ನೋಡಿ. ಕೆಲವು ಸಾವಿರ ಬೈಟ್‌ಗಳ ಕುಗ್ಗಿದ ಫೈಲಿನಲ್ಲಿ ಒಂದೂ ಇಲ್ಲವೆಂದರೆ ಅದು ಈ ದಾರಿಯಲ್ಲಿ ಸತ್ತದ್ದು.

ಮರುಕಟ್ಟುವುದರ ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಆರ್ಕ್ ಹಕ್ಕಿಗಾಗಿ ಸಿಸ್ಟಂ ಎನ್‌ಹಾನ್ಸ್‌ಮೆಂಟ್‌ನವರು ಕಾಟ್ಜ್ ಮೇಲೆ ಹೂಡಿದ ಮೊಕದ್ದಮೆ 1988ರಲ್ಲಿ ರಾಜಿಯಾಗಿ, 1989ರಲ್ಲಿ ಪಿಕೆಜಿಪ್ ಬಂದ ಮೇಲೆ ಎಷ್ಟೋ ಬೋರ್ಡ್‌ಗಳು ತಮ್ಮ ಆರ್ಕ್ ಫೈಲ್‌ಗಳನ್ನೆಲ್ಲ ಜಿಪ್ ಮಾಡಿದವು. ಬಿಚ್ಚುವಾಗ ಸಿಆರ್‌ಸಿ ದೋಷ ಬಂದರೂ ಒಳಫೈಲ್ ಡಿಸ್ಕಿನ ಮೇಲೆ ಉಳಿಯಬಹುದು. ಉಪಕರಣ ನಿಲ್ಲದೆ ಮುಂದುವರಿದರೆ ಆ ಕೆಟ್ಟ ಫೈಲಿಗೆ ಜಿಪ್ ಹೊಸದಾಗಿ 32 ಬಿಟ್ ಸಿಆರ್‌ಸಿ ಲೆಕ್ಕ ಹಾಕಿ ಮುದ್ರೆ ಒತ್ತುತ್ತದೆ. ಅಲ್ಲಿಂದಾಚೆಗೆ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಕೆಟ್ಟಿದೆ ಎಂದು ಹೇಳಬಲ್ಲ ಸಾಕ್ಷಿ ಮೂಲದ ಆರ್ಕ್ ಒಂದೇ, ಅದನ್ನೇ ಅಳಿಸಿಯಾಗಿದೆ. ಜೊತೆಗೆ ಪಿಕೆಜಿಪ್‌ನ ದೃಢೀಕರಣ ಮುದ್ರೆ, ಎಆರ್‌ಜೆಯ ಭದ್ರತಾ ಲಕೋಟೆ ಮುಂತಾದವು ಇದ್ದರೆ ಅವೂ ಹೋಗುತ್ತವೆ. ಲೇಖಕ ಕಳಿಸಿದ ರೂಪದಲ್ಲೇ ಫೈಲ್ ಇದೆ ಎನ್ನಲು ಮತ್ತೇನೂ ಉಳಿಯುವುದಿಲ್ಲ.

ಉಪಕರಣದ ಜೊತೆ ಬರುವ ಬ್ಯಾಚ್ ಫೈಲ್‌ಗಳನ್ನು (ಆದೇಶಗಳ ಪಟ್ಟಿಗಳನ್ನು) ಓದದೆ ಓಡಿಸಬೇಡಿ. ಪ್ರೋಗ್ರಾಂ ಮುಗಿಯುವಾಗ ಉತ್ತರವಾಗಿ ಕೊಡುವ ಸಂಖ್ಯೆ ಎರರ್‌ಲೆವೆಲ್. ಡಾಸ್‌ನಲ್ಲಿ ಎರರ್‌ಲೆವೆಲ್ 1 ಎಂದು ಕೇಳಿದರೆ 1 ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ. ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ಇಳಿಯುತ್ತ ಕೇಳದಿದ್ದರೆ 'ಬಗೆ ಜಿಪ್' ಎಂಬ ಉತ್ತರವೂ 'ಡಿಸ್ಕ್ ತುಂಬಿದೆ' ಎಂಬ ಉತ್ತರವೂ ಒಂದೇ ಸಾಲಿಗೆ ಹೋಗುತ್ತವೆ. ಸೊನ್ನೆಯನ್ನು ಕೇಳಿದರಂತೂ ಯಾವಾಗಲೂ ಹೌದು. ಆ ಸಾಲಿನಲ್ಲಿ ಅಳಿಸುವ ಆದೇಶವಿದ್ದರೆ ಕಥೆ ಮುಗಿಯಿತು.

ಫೈಡೋನೆಟ್ ಕಟ್ಟುಗಳು ಮಾಯವಾದದ್ದು ಬರೀ ಹೆಸರು ತಿದ್ದಿದ್ದರಿಂದ. ಅಲ್ಲಿ ವಿಸ್ತರಣೆ ವಾರದ ದಿನವನ್ನು ಹೇಳುತ್ತದೆ, ಸೋಮವಾರಕ್ಕೆ ಎಂಒ, ಮಂಗಳವಾರಕ್ಕೆ ಟಿಯು, ಕೊನೆಗೊಂದು ಅಂಕಿ. ಚುಕ್ಕೆಗೆ ಮೊದಲಿನ ಎಂಟು ಅಕ್ಷರ ಎರಡು ಬೋರ್ಡ್‌ಗಳ ಸಂಖ್ಯೆಗಳ ವ್ಯತ್ಯಾಸ, ಅದೇ ಜೋಡಿಯ ನಡುವೆ ಪ್ರತಿದಿನವೂ ಅದೇ. ಎಲ್ಲದರ ವಿಸ್ತರಣೆಯನ್ನೂ ಜಿಪ್ ಎಂದು ತಿದ್ದಿದರೆ ಹೆಸರು ಒಂದೇ ಆಗುತ್ತದೆ, ಒಂದರ ಮೇಲೊಂದು ಬರೆದು ಕೊನೆಯದು ಮಾತ್ರ ಉಳಿಯುತ್ತದೆ.

ತಾವಾಗಿ ಬಿಚ್ಚಿಕೊಳ್ಳುವ ಇಎಕ್ಸ್‌ಇ ಫೈಲ್‌ಗಳು ಶುರುವಾಗುವುದು 77 90ರಿಂದ. ಬಿಚ್ಚಲು ಅವನ್ನು ಓಡಿಸಬೇಕಾಗಿಲ್ಲ, ಓಡಿಸಲೂ ಬೇಡಿ. ಜಿಪ್ ಆಧಾರದವಾದರೆ ಬಿಚ್ಚುವ ಪ್ರೋಗ್ರಾಂಗೆ ಇಎಕ್ಸ್‌ಇ ಹೆಸರನ್ನೇ ಕೊಟ್ಟರಾಯಿತು. 30ನೇ ಸ್ಥಾನದಲ್ಲಿ ಪಿಕೆಲೈಟ್ ಎಂಬ ಪದ ಕಂಡರೆ ಅದು ಗಂಟಲ್ಲ, ಕುಗ್ಗಿಸಿದ ಪ್ರೋಗ್ರಾಂ. ಪಿ, ಕೆ ಎರಡೇ ಅಕ್ಷರ ಹುಡುಕುವ ಉಪಕರಣಗಳು ಅದನ್ನೂ ಜಿಪ್ ಎಂದುಬಿಡುತ್ತವೆ. ಬಿಚ್ಚುವ ಪ್ರೋಗ್ರಾಂನ ಹೆಸರನ್ನೇ ಹೊತ್ತು ಬಂದ ವಿಷವೂ ಉಂಟು: 1995ರಲ್ಲಿ ಪಿಕೆಜಿಪ್‌ನ 3.00 ಆವೃತ್ತಿಯ ವೇಷದಲ್ಲಿ ಹರಿದಾಡಿದ ಫೈಲ್ ಹಾರ್ಡ್ ಡಿಸ್ಕ್ ಅಳಿಸುವ ಟ್ರೋಜನ್. ಹಳೆಯ ಸಂಗ್ರಹದಲ್ಲಿ ಆ ಹೆಸರು ಕಂಡರೆ ಮುಟ್ಟಬೇಡಿ. ಇನ್ನೊಂದು, ಗಂಟಿನ ಟಿಪ್ಪಣಿಯನ್ನು ಇದ್ದ ಹಾಗೇ ಪರದೆಗೆ ಸುರಿಯುವ ಉಪಕರಣ. ನಿಜವಾದ ಡಾಸ್ ಯಂತ್ರದಲ್ಲಿ ಪರದೆಯ ಸಂಕೇತಗಳನ್ನು ಪಾಲಿಸುವ ಎಎನ್‌ಎಸ್‌ಐ ಡಾಟ್ ಸಿಸ್ ಎಂಬ ಡ್ರೈವರ್ ಹಾಕಿದ್ದರೆ 27ರಿಂದ ಶುರುವಾಗುವ ಸಂಕೇತಗಳು ಕೀಲಿಗಳ ಅರ್ಥವನ್ನೇ ಬದಲಿಸಬಲ್ಲವು, ಎಂಟರ್ ಒತ್ತಿದರೆ ಅಳಿಸುವ ಆದೇಶ ಹೊರಡುವಂತೆ. ಈ ಕೆಲಸಕ್ಕೆ ಆ ಡ್ರೈವರ್ ತೆಗೆದ ಯಂತ್ರವೇ ಸರಿ.

ಡಾಸ್‌ಬಾಕ್ಸ್ ಒಳಗಿದ್ದೇವೆ, ಹೊರಗಿನದಕ್ಕೆ ಏನಾಗುತ್ತದೆ ಎಂಬ ಧೈರ್ಯ ಬೇಡ. ಡಾಸ್‌ಬಾಕ್ಸ್‌ಗೆ ಜೋಡಿಸಿದ (ಮೌಂಟ್ ಮಾಡಿದ) ಡೈರೆಕ್ಟರಿ ನಿಮ್ಮ ನಿಜವಾದ ಡೈರೆಕ್ಟರಿಯೇ, ಒಳಗೆ ಅಳಿಸಿದ್ದು ಹೊರಗೂ ಅಳಿಯುತ್ತದೆ. ಆದ್ದರಿಂದ ಮೊದಲು ಎಲ್ಲ ಫೈಲ್‌ಗಳ ಶಾ-256 (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಬೆರಳಚ್ಚಿನಂಥ ಸಂಖ್ಯೆ) ಪಟ್ಟಿ ಮಾಡಿ, ಮೂಲವನ್ನು ಓದಲಷ್ಟೇ ಬರುವಂತೆ ಬೀಗ ಹಾಕಿ, ಕೆಲಸವೆಲ್ಲ ನಕಲಿನ ಮೇಲೆ ನಡೆಸಿ. ಗುರುತಿಸಲು ಹಳೆಯ ಉಪಕರಣದ ಜಾಗದಲ್ಲಿ ಲಿನಕ್ಸ್‌ನ ಫೈಲ್ ಆದೇಶ, ಟ್ರಿಡ್, ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಡ್ರಾಯ್ಡ್, ಇವುಗಳಲ್ಲಿ ಎರಡನ್ನು ಬಳಸಿ ಉತ್ತರ ಹೋಲಿಸಿ. ಹೊಂದದಿದ್ದರೆ ಹೆಕ್ಸ್ ಎಡಿಟರ್ ತೆರೆಯಿರಿ. ಬಿಚ್ಚಲು ಸೆವೆನ್-ಜಿಪ್ ಎಆರ್‌ಜೆ, ಎಲ್‌ಜೆಡ್‌ಎಚ್, ರಾರ್ ನೋಡಿಕೊಳ್ಳುತ್ತದೆ. ಆರ್ಕ್ ಮತ್ತು ಜೂ ಅದಕ್ಕೆ ಬರುವುದಿಲ್ಲ, ಅವಕ್ಕೆ ಡಿಯಾರ್ಕ್ ಹಾಕಿ. ಮೊದಲು ಬರೀ ಪಟ್ಟಿ ತೆಗೆಯಿರಿ, ಬಿಚ್ಚಿದರೆ ಗಾತ್ರಗಳ ಮೊತ್ತ ಅಂದಾಜು ಎಷ್ಟಾದೀತು ಎಂದು ಅದರಲ್ಲೇ ನೋಡಿ. 42 ಕೆಬಿಯ ಗಂಟು ಪದರ ಪದರವಾಗಿ ಬಿಚ್ಚಿ 4.5 ಪೆಟಾಬೈಟ್ ಆಗುವ ಜಿಪ್ ಬಾಂಬ್ ಪ್ರಸಿದ್ಧವೇ. ಗುರುತು ಸಿಗದ ಫೈಲ್‌ಗಳ ಹೆಸರು, ವಿಸ್ತರಣೆ, ದಿನಾಂಕ ಯಾವುದನ್ನೂ ತಿದ್ದದೆ ಬೇರೆ ಡೈರೆಕ್ಟರಿಗೆ ನಕಲು ಮಾಡಿಡಿ, ಪ್ರತಿಯೊಂದರ ಮೊದಲ 64 ಮತ್ತು ಕೊನೆಯ 64 ಬೈಟ್‌ಗಳನ್ನು ಒಂದು ಪಠ್ಯ ಫೈಲಿಗೆ ಬರೆದಿಟ್ಟುಕೊಳ್ಳಿ. ಡಿಡಬ್ಲ್ಯುಸಿಯಂಥವು ಸಿಕ್ಕಿಬೀಳುವುದು ಆ ಕೊನೆಯ ಸಾಲಿನಲ್ಲಿ.